ಕರೆಯೋಲೆಯ ಅಕ್ಷರ

ಅಕ್ಕನ ಮಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರ ಕೊನೆಯಲ್ಲಿ ‘ತ್ಸ್ನಾ’ ಬರುತ್ತದೆ ಅನ್ನುವುದನ್ನು ಮಾತ್ರ ಹೇಳಲೇಬೇಕು. ಎರಡು ವಾರ ನಾನು ಆ ಒಂದೇ ಅಕ್ಷರದ ಹಿಂದೆ ಓಡಾಡಿದೆ.

ಮದುವೆ ಗೊತ್ತಾದ ಮೇಲೆ ಲಗ್ನಪತ್ರಿಕೆ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅಕ್ಕ, ಭಾವ ಇರುವುದು ಮದ್ದೂರಿನ ಕಡೆ ಹಳ್ಳಿಯಲ್ಲಿ. ನಾನು ಮೈಸೂರಿನಲ್ಲಿದ್ದೇನೆ. “ಅಕ್ಷರ ಸ್ವಲ್ಪ ಚೆನ್ನಾಗಿರ್ಲಿ ಕಣೇ, ಎಲ್ರ ಮನೆ ಕಾರ್ಡ್ ಥರ ಬೇಡ” ಅಂದಳು ಅಕ್ಕ. ಆಗ ಅವಳು ಕೇಳಿದ್ದು ಅಷ್ಟೇ.

ಅಶೋಕ ರಸ್ತೆಯ ಪಕ್ಕದ ಒಂದು ಗಲ್ಲಿಯಲ್ಲಿ ಡಿಟಿಪಿ ಅಂಗಡಿ ಇದೆ. ಗೋಡೆ ತುಂಬ ಹಳೆಯ ಕಾರ್ಡುಗಳು. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಕೋರೆಲ್‌ಡ್ರಾ ತೆರೆದು ಇಬ್ಬರ ಹೆಸರನ್ನೂ ಟೈಪ್ ಮಾಡಿದ. ಆಮೇಲೆ ಒಂದೊಂದೇ ಫಾಂಟ್ ಬದಲಿಸುತ್ತಾ ಹೋದ. ಕ್ಯಾಲಿಗ್ರಫಿ ಥರದವು ಬೇಕು ಅಂದೆ. ಅದರಲ್ಲೇ ಮೂವತ್ತಕ್ಕೂ ಜಾಸ್ತಿ ತೋರಿಸಿದ. ಹುಡುಗನ ಹೆಸರು ಮೂರೇ ಅಕ್ಷರ, ಒಂದೂ ಒತ್ತಿಲ್ಲ. ಯಾವ ಫಾಂಟ್ ಹಾಕಿದರೂ ಚೆನ್ನಾಗಿ ಕಾಣುತ್ತಿತ್ತು. ನಮ್ಮ ಹುಡುಗಿಯ ಹೆಸರು ಬಂದಾಗಲೇ ತೊಂದರೆ. ಒಂದರಲ್ಲಿ ಸಕಾರದ ಒತ್ತು, ನಕಾರದ ಒತ್ತು ಎರಡೂ ಅಂಟಿಕೊಂಡು ಗಂಟಾಗಿದ್ದವು. ಇನ್ನೊಂದರಲ್ಲಿ ನಕಾರದ ಒತ್ತು ಬಲಕ್ಕೆ ಜರುಗಿ, ಬೇರೆ ಯಾವುದೋ ಅಕ್ಷರಕ್ಕೆ ಸೇರಿದ್ದರ ಹಾಗೆ ಕೂತಿತ್ತು. ಮತ್ತೊಂದರಲ್ಲಿ ಮೇಲಿನ ತಕಾರಕ್ಕೆ ಬಳುಕು ಇದೆ, ಬಾಲ ಇದೆ, ಎಲ್ಲ ಇದೆ. ಕೆಳಗಿನ ಒತ್ತುಗಳನ್ನು ಮಾತ್ರ ಯಾವುದೋ ಸಾದಾ ಫಾಂಟಿನಿಂದ ತಂದು ಇಟ್ಟ ಹಾಗಿತ್ತು.

“ಮೇಡಂ, ಹೆಸರೇ ಕಷ್ಟ ಇದೆ” ಅಂದ ಹುಡುಗ.

ಹೆಸರು ಕಷ್ಟ ಅಲ್ಲ. ಕನ್ನಡವೇ ಹೀಗೆ. ಇಂಗ್ಲಿಷಿನ ಅಲಂಕಾರದ ಫಾಂಟ್ ಮಾಡುವವರಿಗೆ ದೊಡ್ಡವು 26, ಚಿಕ್ಕವು 26 ಅಕ್ಷರ ಬರೆದರೆ ಮುಖ್ಯ ಕೆಲಸ ಮುಗಿಯಿತು. ನಮ್ಮಲ್ಲಿ 34 ವ್ಯಂಜನ. ಒಂದೊಂದಕ್ಕೂ ಕಾಗುಣಿತ. ಒಂದೊಂದಕ್ಕೂ ಒತ್ತು. ಒತ್ತುಗಳಲ್ಲಿ ಹೆಚ್ಚಿನವು ಮೂಲ ಅಕ್ಷರವೇ ತಲೆಕಟ್ಟು ಕಳಚಿಕೊಂಡು ಸಣ್ಣದಾದಂಥವು. ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ಬೇರೆಯದೇ ರೂಪ. ಶಾಲೆಯಲ್ಲಿ ಮೇಷ್ಟ್ರು ಇವನ್ನು ಬೇರೆಯಾಗಿ ಬರೆಸಿ ಕಲಿಸಿದ್ದು ನೆನಪಿರಬೇಕಲ್ವಾ? ಚೆಂದದ ಅಕ್ಷರಕ್ಕೆ ನಮ್ಮಲ್ಲಿ ಪರೀಕ್ಷೆ ನಡೆಯುವುದು ಗೆರೆಯ ಕೆಳಗೆ. ‘ಕ’, ‘ಅ’ ಚೆನ್ನಾಗಿ ಬರೆದು ತೋರಿಸುವುದು ಸುಲಭ. ‘ತ್ಸ್ನಾ’ ಬರೆದು ತೋರಿಸಲಿ.

ಆವತ್ತು ಏನೂ ನಿರ್ಧಾರ ಮಾಡದೆ ಮನೆಗೆ ಬಂದೆ. ರಾತ್ರಿ ಸೋದರಮಾವನಿಗೆ ಫೋನ್ ಮಾಡಿದೆ.

ಮಾವ ಮಂಡ್ಯದಲ್ಲಿ ಬೋರ್ಡ್ ಬರೆಯುತ್ತಿದ್ದವರು. ಮೂವತ್ತು ವರ್ಷ ಅದೇ ಕೆಲಸ. ಅಂಗಡಿ ಬೋರ್ಡು, ಶಾಲೆಯ ಗೋಡೆ, ಜಾತ್ರೆಯ ಬ್ಯಾನರು. ಮಂಡ್ಯದಲ್ಲಿ 1933ರಿಂದ ಸಕ್ಕರೆ ಕಾರ್ಖಾನೆ ಇದೆ, ಸುತ್ತ ಕಬ್ಬು ಬೆಳೆಯುವವರಿದ್ದಾರೆ, ಕಬ್ಬು ಹೊರುವ ಟ್ರ್ಯಾಕ್ಟರ್, ಟ್ರೇಲರ್‌ಗಳಿಗೆ ಲೆಕ್ಕವಿಲ್ಲ. ಟ್ರೇಲರ್‌ನ ಹಿಂದೆ ಮನೆದೇವರ ಹೆಸರು, ಮಕ್ಕಳ ಹೆಸರು ಬರೆಸುವವರು ಮಾವನ ಮನೆ ಮುಂದೆ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಚಿಕ್ಕವಳಿದ್ದಾಗ ರಜೆಗೆ ಹೋದರೆ ನನಗೆ ಒಂದು ಕೆಲಸ ಕೊಡುತ್ತಿದ್ದರು. ದಾರಕ್ಕೆ ಸೀಮೆಸುಣ್ಣ ಸವರಬೇಕು. ಒಂದು ತುದಿಯನ್ನು ನಾನು ಒತ್ತಿ ಹಿಡಿಯಬೇಕು. ಇನ್ನೊಂದು ತುದಿ ಅವರ ಕೈಯಲ್ಲಿ. ನಡುವೆ ದಾರವನ್ನು ಚಿಮ್ಮಿಸಿದರೆ ಬೋರ್ಡಿನ ಮೇಲೆ ಬಿಳಿ ಗೆರೆ ಬೀಳುತ್ತಿತ್ತು. ಆ ಗೆರೆಗಳ ನಡುವೆ ಚಪ್ಪಟೆ ಬ್ರಷ್ ಓಡುವುದನ್ನು ನೋಡುತ್ತಾ ನಾನು ಊಟ ಮರೆಯುತ್ತಿದ್ದೆ.

ಮಾವ ಹೇಳಿಕೊಟ್ಟ ಒಂದು ಮಾತು ಇವತ್ತಿಗೂ ನನಗೆ ದಾರಿ ತೋರಿಸುತ್ತದೆ. ಅಕ್ಷರ ಎರಡು ಥರ ಕಣವ್ವಾ ಅನ್ನುತ್ತಿದ್ದರು. ಒಂದು ಓದೋ ಅಕ್ಷರ. ಇನ್ನೊಂದು ನೋಡೋ ಅಕ್ಷರ. ಅಂಗಡಿಯ ಹೆಸರು ನೋಡೋ ಅಕ್ಷರದಲ್ಲಿ ಇರಬೇಕು. ಅದರ ಕೆಳಗೆ ಏನು ಮಾರುತ್ತಾರೆ, ಯಾವ ರಸ್ತೆ, ಮಾಲೀಕರು ಯಾರು, ಇದೆಲ್ಲ ಓದೋ ಅಕ್ಷರ. ಎರಡನ್ನೂ ಕಲೆಸಬಾರದು. ಇಡೀ ಬೋರ್ಡನ್ನು ಬಳುಕಿಸಿ ಬರೆಯಿರಿ ಅಂತ ಹಠ ಹಿಡಿದವರಿಗೆ ಅವರು ಕೆಲಸವನ್ನೇ ಮಾಡಿಕೊಡುತ್ತಿರಲಿಲ್ಲ.

ಫೋನಿನಲ್ಲಿ ‘ತ್ಸ್ನಾ’ ಕತೆ ಹೇಳಿದೆ. “ನಾನೇ ಬತ್ತೀನಿ ತಡಿ” ಅಂದರು.

ಅವರು ಬರುವುದಕ್ಕೆ ಮುಂಚೆ ನಾನು ಒಂದಷ್ಟು ಓದಿದೆ, ನೋಡಿದೆ. ಅಲಂಕಾರದ ಅಕ್ಷರ ಅಂದರೆ ಸುಮ್ನೆ ಬಾಲ ಎಳೆದದ್ದು ಅಂದುಕೊಂಡಿದ್ದೆ. ಅದು ತಪ್ಪು. ಇಂಥ ಫಾಂಟಿನ ಒಳಗೆ ಯಾವುದೋ ಒಂದು ಲೇಖನಿ ಇರುತ್ತದೆ. ಅಗಲ ತುದಿಯ ನಿಬ್ಬನ್ನು ಒಂದೇ ಕೋನದಲ್ಲಿ ಹಿಡಿದು ಬರೆದರೆ, ಒಂದು ದಿಕ್ಕಿಗೆ ಹೋಗುವಾಗ ಗೆರೆ ದಪ್ಪ, ಇನ್ನೊಂದು ದಿಕ್ಕಿಗೆ ತಿರುಗಿದಾಗ ಸಣ್ಣ. ಕೈ ಒತ್ತಿದ್ದಕ್ಕೆ ಅಲ್ಲ, ನಿಬ್ಬು ತಿರುಗಿದ ದಿಕ್ಕಿಗೆ ಆ ದಪ್ಪ ಬರುತ್ತದೆ. ಸೀಳು ನಿಬ್ಬಿನ ಲೇಖನಿಯಲ್ಲಿ ಲೆಕ್ಕ ಬೇರೆ. ಒತ್ತಿದರೆ ನಿಬ್ಬು ಬಾಯಿ ಬಿಡುತ್ತದೆ, ಗೆರೆ ಊದುತ್ತದೆ. ಬ್ರಷ್ಷಿನದು ಮೂರನೇ ಲೆಕ್ಕ. ಚೆನ್ನಾಗಿ ಮಾಡಿದ ಫಾಂಟಿನಲ್ಲಿ ಮೊದಲ ಅಕ್ಷರದಿಂದ ಕೊನೆಯ ಒತ್ತಿನವರೆಗೆ ಒಂದೇ ಲೇಖನಿ ಓಡಿರುತ್ತದೆ. ಅಂಗಡಿಯಲ್ಲಿ ನೋಡಿದ ಆ ಫಾಂಟ್ ನನಗೆ ಯಾಕೆ ಹಿಡಿಸಲಿಲ್ಲ ಅಂತ ಆಗ ಅರ್ಥವಾಯಿತು. ಮೇಲೆ ನಿಬ್ಬು ಓಡಿತ್ತು. ಕೆಳಗೆ ಓಡಿರಲಿಲ್ಲ.

ಇಂಗ್ಲಿಷ್ ಕಾರ್ಡುಗಳಲ್ಲಿ ನಾವೆಲ್ಲ ನೋಡಿರುವ, ಸ್ವಲ್ಪ ಬಲಕ್ಕೆ ವಾಲಿದ ಅಕ್ಷರಗಳಿಗೂ ಒಂದು ಊರಿದೆ. ಜರ್ಮನಿಯ ಹರ್ಮನ್ ಜಾಫ್ 1979ರಲ್ಲಿ ಮಾಡಿದ ಜಾಫ್ ಚಾನ್ಸರಿ, ಪೆಟ್ರೀಷಿಯಾ ಸಾಂಡರ್ಸ್ 1991ರಲ್ಲಿ ಮಾಡಿದ ಮಾನೋಟೈಪ್ ಕಾರ್ಸೀವಾ, ಇವೆರಡೂ ಒಂದೇ ಮನೆತನದವು. ಚಾನ್ಸರಿ ಅಂದರೆ ಕಚೇರಿ. ಐನೂರು ವರ್ಷಕ್ಕೂ ಹಿಂದೆ ಇಟಲಿಯಲ್ಲಿ, ಪೋಪ್ ಅವರ ಕಚೇರಿಯ ಗುಮಾಸ್ತರು ಬೇಗ ಬರೆಯಲು ರೂಢಿಸಿಕೊಂಡ ಕೈಬರಹ ಅದು. ದಿನವಿಡೀ ಪತ್ರ ಬರೆಯುತ್ತಿದ್ದವರ ಕೈ ಇವತ್ತು ನಮ್ಮ ಮೈಸೂರಿನ ಮದುವೆ ಕಾರ್ಡಿನಲ್ಲಿ ಇದೆ. ಇದನ್ನು ತಿಳಿದಾಗ ನನಗೆ ಎಷ್ಟು ಖುಷಿಯಾಯಿತು ಅಂದರೆ, ಮನೆಯಲ್ಲಿದ್ದ ಹಳೆಯ ಕಾರ್ಡುಗಳನ್ನೆಲ್ಲ ಹರಡಿಕೊಂಡು ಕೂತೆ.

ಹಾಗಾದರೆ ಕನ್ನಡದ ಅಲಂಕಾರದ ಅಕ್ಷರದ ಒಳಗೆ ಯಾವ ಲೇಖನಿ ಇರಬೇಕು? ನಮ್ಮ ಹಿರಿಯರು ತಾಳೆಗರಿಯ ಮೇಲೆ ಬರೆದದ್ದು ಕಬ್ಬಿಣದ ಕಂಠದಿಂದ, ಅಂದರೆ ಚೂಪು ಮೊನೆಯ ಕಡ್ಡಿಯಿಂದ. ಮೈಸೂರಿನ ಓರಿಯಂಟಲ್ ಲೈಬ್ರರಿ, ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, 1891ರಲ್ಲಿ ಶುರುವಾಯಿತು. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿದ್ದು ಅಲ್ಲೇ. ಆ ಪ್ರತಿ ‘ಗ್ರಂಥ’ ಅನ್ನುವ ಬೇರೆ ಲಿಪಿಯದು. ಆದರೆ ಗರಿಯ ಮೇಲೆ ಬರೆಯುವ ರೀತಿ ಕನ್ನಡಕ್ಕೂ ಅದೇ. ಕಂಠದಿಂದ ಗೀರಬೇಕು. ಆಮೇಲೆ ಮಸಿ ಸವರಿ ಒರೆಸಬೇಕು. ಗೀರಿದ ಕಡೆ ಮಾತ್ರ ಮಸಿ ನಿಲ್ಲುತ್ತದೆ. ಗರಿಯ ನಾರು ಉದ್ದಕ್ಕೆ ಇರುವುದರಿಂದ ಅದರ ಗುಂಟ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ನಮ್ಮ ಅಕ್ಷರಗಳು ದುಂಡಗಾದದ್ದು ಅದಕ್ಕೇ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಕಂಠದ ಗೆರೆಯಲ್ಲಿ ದಪ್ಪ, ಸಣ್ಣ ಅನ್ನುವುದಿಲ್ಲ. ಎಲ್ಲ ಒಂದೇ. ಅಲ್ಲಿ ಚೆಂದ ಇರುವುದು ತಿರುವಿನಲ್ಲಿ.

ಇದಕ್ಕೇ ಕನ್ನಡದ ಅಲಂಕಾರ ತಿರುವಿನಿಂದ ಹುಟ್ಟಬೇಕು ಅಂತ ನನಗೆ ಅನಿಸುತ್ತದೆ. ತಲೆಕಟ್ಟು ಎಲ್ಲಿ ಮೇಲೆದ್ದು ಎಲ್ಲಿ ಇಳಿಯುತ್ತದೆ, ಗುಡಿಸು ಎಷ್ಟು ತೆರೆದುಕೊಳ್ಳುತ್ತದೆ, ಕೊಂಬು ಎಷ್ಟು ದೂರ ಹೋಗಿ ಮಡಚಿಕೊಳ್ಳುತ್ತದೆ, ಇವೇ ಸಾಕಷ್ಟು ಒಡವೆ. ಇದರ ಮೇಲೆ ಇಂಗ್ಲಿಷಿನ ಸುರುಳಿ ಬಾಲವನ್ನು ಅಂಟಿಸಿದರೆ ಅದು ಏತ್ವವೋ ಕೊಂಬಿನ ದೀರ್ಘವೋ ಅಂತ ಓದುವವರು ಗಲಿಬಿಲಿಯಾಗುತ್ತಾರೆ. ಇಂಗ್ಲಿಷಿನಲ್ಲಿ ಬಾಲಕ್ಕೆ ಅರ್ಥವಿಲ್ಲ. ನಮ್ಮಲ್ಲಿ ಒಂದು ಸುರುಳಿ ಜಾಸ್ತಿಯಾದರೆ ಸ್ವರವೇ ಬದಲಾಗುತ್ತದೆ.

ಮದುವೆ ಪತ್ರಿಕೆಗೆ ಕರೆಯೋಲೆ ಅನ್ನುವ ಹೆಸರೂ ಇದೆಯಲ್ಲ. ಕರೆಯುವ ಓಲೆ. ಕಾಗದ ಬಂದು, ಆಫ್‌ಸೆಟ್ ಬಂದು, ವಾಟ್ಸಾಪ್ ಬಂದರೂ ಆ ಮಾತಿನೊಳಗೆ ತಾಳೆಗರಿ ಇನ್ನೂ ಉಳಿದಿದೆ.

ಹೆಸರು ಅನ್ನುವುದಕ್ಕೆ ಚೆಂದದ ಅಕ್ಷರ ಯಾಕೆ ಬೇಕು ಅಂತ ಯೋಚಿಸಿದಾಗ ನನಗೆ ಆತಕೂರಿನ ಕಲ್ಲು ನೆನಪಾಗುತ್ತದೆ. ಆತಕೂರು ನಮ್ಮ ಮದ್ದೂರು ತಾಲ್ಲೂಕಿನ ಊರು. ಸುಮಾರು ಕ್ರಿ.ಶ. 950ರ ಶಾಸನ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧ, ರಾಷ್ಟ್ರಕೂಟರ ಕೃಷ್ಣ, ಗಂಗರ ಬೂತುಗ, ಎಲ್ಲ ಅದರಲ್ಲಿದೆ. ಜೊತೆಗೆ ಒಂದು ನಾಯಿಯ ಕತೆಯೂ ಇದೆ. ಅದರ ಹೆಸರು ಕಾಳಿ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಬೂತುಗನಿಂದ ಆ ನಾಯಿಯನ್ನೇ ಕೇಳಿ ಪಡೆದಿದ್ದ. ಅದು ಕಾಡುಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಆ ಕಾದಾಟದ ಚಿತ್ರವನ್ನೂ ಕಲ್ಲಿನಲ್ಲಿ ಕೆತ್ತಿದ್ದಾರೆ. ಸಾವಿರ ವರ್ಷದ ಹಿಂದೆ ಒಬ್ಬರು ಉಳಿ ಹಿಡಿದು ಕೂತು, ಒಂದು ನಾಯಿಯ ಹೆಸರನ್ನು ಕಲ್ಲಿನಲ್ಲಿ ಉಳಿಸಿದ್ದಾರೆ. ಆ ಕಲ್ಲಿನ ಮುಂದೆ ನಿಂತಾಗ ನನಗೆ ಗಂಟಲು ಕಟ್ಟಿತ್ತು.

ಮಾವ ಬಂದರು. ಬೆಳಗಿನ ರೈಲಿಗೆ ಬಂದು, ಕಾಫಿ ಕುಡಿದು, ನೇರ ಅಂಗಡಿಗೆ ಹೋದೆವು.

ಹುಡುಗ ಮತ್ತೆ ಫಾಂಟುಗಳನ್ನು ತೋರಿಸಿದ. ಮಾವ ಕನ್ನಡಕ ಏರಿಸಿಕೊಂಡು ಪರದೆಗೆ ಹತ್ತಿರ ಬಾಗಿ ನೋಡಿದರು. ಆರನೆಯದೋ ಏಳನೆಯದೋ ಬಂದಾಗ ನಿಲ್ಲಿಸು ಅಂದರು. ಅಗಲ ನಿಬ್ಬಿನ ಗುಣದ ಅಕ್ಷರ. ಬಾಲ ಕಡಿಮೆ. ತಲೆಕಟ್ಟು ಮಾತ್ರ ಗಾಳಿಗೆ ಸ್ವಲ್ಪ ಎದ್ದ ಹಾಗೆ.

“ಇದು ಯಾರ ಕೈ ಮಗಾ?” ಅಂತ ಕೇಳಿದರು.

ಹುಡುಗನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಫಾಂಟಿನ ನಂಬರ್ ಹೇಳಿದ. ಅವನ ಕಂಪ್ಯೂಟರಿನಲ್ಲಿ ಅದಕ್ಕೆ ಹೆಸರಿರಲಿಲ್ಲ, ನಂಬರ್ ಮಾತ್ರ ಇತ್ತು. ಮಾವ ಇನ್ನೊಂದು ಸಲ ಕೇಳಿದರು. ಬರೆದವರು ಯಾರು? ಹುಡುಗ ತಲೆ ಅಲ್ಲಾಡಿಸಿದ. ಮಾವ ತಾವು ಬರೆದ ಪ್ರತಿ ಬೋರ್ಡಿನ ಕೆಳಗಿನ ಬಲ ಮೂಲೆಯಲ್ಲಿ ಸಣ್ಣದಾಗಿ ತಮ್ಮ ಹೆಸರು ಬರೆದು ಪಕ್ಕದಲ್ಲಿ ‘ಆರ್ಟ್ಸ್’ ಅಂತ ಸೇರಿಸುತ್ತಿದ್ದವರು. ಹೆಸರಿಲ್ಲದ ಕೈ ಅವರಿಗೆ ನಂಬಲು ಕಷ್ಟ.

ಹೆಸರಿರುವ ಕೈಗಳೂ ಇವೆ ಅಂತ ನಾನು ಫೋನ್ ತೆಗೆದು ತೋರಿಸಿದೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಸೇರಿ ಮಾಡಿದ ಅಕಾಯಾ ಕನಡಕ. ಎರಿನ್ ಮೆಕ್‌ಲಾಫ್ಲಿನ್ ಮಾಡಿದ ಹುಬ್ಬಳ್ಳಿ. ಎಕ್ ಟೈಪ್‌ನವರ ಬಾಲೂ ತಮ್ಮ. ಕೈಬರಹದ ಗುಣದ ನವಿಲು. ಇವೆಲ್ಲ ಎಲ್ಲರಿಗೂ ಬಿಟ್ಟಿ ಸಿಗುತ್ತವೆ. ಯೂನಿಕೋಡ್ ಫಾಂಟುಗಳಾದ್ದರಿಂದ ಒಂದು ಕಡೆ ಟೈಪ್ ಮಾಡಿದ್ದು ಇನ್ನೊಂದು ಕಡೆ ಹಾಕಿದರೂ ಕನ್ನಡವಾಗಿಯೇ ಉಳಿಯುತ್ತದೆ. ನಾಲ್ಕೂ ಒಂದೇ ಥರದವಲ್ಲ. ಬಾಲೂ ತಮ್ಮ ತುಂಬು ಮೈಯ ಅಕ್ಷರ. ಅಂಗಡಿಗೆ, ಮಕ್ಕಳ ಪುಸ್ತಕಕ್ಕೆ ಚೆನ್ನ. ಮದುವೆಗೆ ಸ್ವಲ್ಪ ದಪ್ಪವಾಯಿತು. ಮಾವ ಒಂದೊಂದನ್ನೂ ದೊಡ್ಡದು ಮಾಡಿಸಿ, ಬೆರಳಿನಲ್ಲಿ ಗಾಳಿಯಲ್ಲೇ ಬರೆದು ನೋಡಿದರು. ಹುಬ್ಬಳ್ಳಿಯ ಗೆರೆ ಎಲ್ಲ ಕಡೆ ಒಂದೇ ದಪ್ಪ ಇರುವುದು ಅವರಿಗೆ ಹಿಡಿಸಿತು. “ಇದು ಓದಕ್ಕೂ ಆಯ್ತದೆ” ಅಂದರು. ಕಾರ್ಡಿನ ಒಳಗಿನ ಸಾಲುಗಳಿಗೆ ಅದನ್ನೇ ಇಟ್ಟುಕೊಂಡೆವು. ಹೆಸರುಗಳಿಗೆ ಮಾತ್ರ ಆ ನಂಬರಿನ ಅಕ್ಷರವೇ ಇರಲಿ ಅಂತಾಯಿತು.

ಆದರೆ ಅದರಲ್ಲೂ ‘ತ್ಸ್ನಾ’ ಸರಿ ಇರಲಿಲ್ಲ. ಇಲ್ಲಿಂದ ಮುಂದಿನ ಒಂದು ಗಂಟೆ ನನಗೆ ಜೀವಮಾನವಿಡೀ ನೆನಪಿರುತ್ತದೆ. ಹುಡುಗ ಆ ಹೆಸರನ್ನು ಕರ್ವ್ಸ್ ಮಾಡಿದ. ಹಾಗೆ ಮಾಡಿದರೆ ಅಕ್ಷರ ಫಾಂಟಿನಿಂದ ಬಿಡಿಸಿಕೊಂಡು ಬರೀ ಆಕಾರವಾಗುತ್ತದೆ. ಚುಕ್ಕಿಗಳನ್ನು ಹಿಡಿದು ಎಳೆದರೆ ಬಳುಕುತ್ತದೆ. ಮಾವ ಅವನ ಹಿಂದೆ ನಿಂತರು. ಸಕಾರದ ಒತ್ತನ್ನು ಇಷ್ಟು ಎಡಕ್ಕೆ ತಾ. ತಕಾರದ ಹೊಟ್ಟೆಯ ಕೆಳಗೆ ಕೂರಿಸು. ಈಗ ನಕಾರದ ಒತ್ತನ್ನು ಅದರ ಬಗಲಿಗೆ ಇಡು, ಮುಟ್ಟಿಸಬೇಡ, ನಡುವೆ ಅಕ್ಕಿಕಾಳಿನಷ್ಟು ಬಿಡು. ಅದರ ಬಾಲವನ್ನು ಮೇಲಿನ ದೀರ್ಘದ ಬಾಲಕ್ಕೆ ಜೋಡಿಯಾಗಿ ಬಗ್ಗಿಸು. ಎರಡೂ ಒಂದೇ ಕಡೆ ನೋಡಬೇಕು.

ಹುಡುಗ ಮೊದಲು ಬೇಸರದಿಂದಲೇ ಮಾಡುತ್ತಿದ್ದ. ನಾಲ್ಕನೇ ಸಲ ಎಳೆದಾಗ ಅಕ್ಷರ ಕೂತಿತು. ಅವನೇ ಕುರ್ಚಿ ಹಿಂದಕ್ಕೆ ಸರಿಸಿ ನೋಡಿದ. “ಸಾರ್, ಈಗ ಬಂತು” ಅಂದ. ಅವನ ದನಿ ಬದಲಾಗಿತ್ತು.

ಆ ಫಾಂಟ್ ಮಾಡಿದವರು ಯಾರೋ, ಅವರ ಮೇಲೆ ನನಗೆ ಒಂಚೂರೂ ದೂರಿಲ್ಲ. ಯಾವ ಫಾಂಟಿಗೂ ಎಲ್ಲ ಹೆಸರೂ ಮೊದಲೇ ಗೊತ್ತಿರುವುದಿಲ್ಲ. ಕೈಯಲ್ಲಿ ಬರೆಯುವವರು ಪಕ್ಕದ ಅಕ್ಷರ ನೋಡಿ ಈ ಅಕ್ಷರವನ್ನು ಬದಲಿಸುತ್ತಾರೆ. ಮಾವ ಒಂದೇ ಬೋರ್ಡಿನಲ್ಲಿ ಎರಡು ನಕಾರ ಬಂದರೆ ಎರಡನ್ನೂ ಒಂದೇ ಥರ ಬರೆಯುತ್ತಿರಲಿಲ್ಲ. ಜಾಫ್ ಅವರಿಗೂ ಇದೇ ಚಿಂತೆ ಇತ್ತು. 1944ರಲ್ಲಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಒಂದು ಕೈಬರಹವನ್ನು ಫಾಂಟ್ ಮಾಡಬೇಕು ಅಂತ ಅವರಿಗೆ ಬಹಳ ಆಸೆ. ಸೀಸದ ಅಚ್ಚಿನ ಮೊಳೆಯಲ್ಲಿ ಆ ಉದ್ದನೆಯ ಬಾಲಗಳಿಗೆ ಜಾಗವಿರಲಿಲ್ಲ. ಕಂಪ್ಯೂಟರ್ ಬಂದ ಮೇಲೆ, 1998ರಲ್ಲಿ, ಅದು ಜಾಫಿನೋ ಆಗಿ ಬಂತು. ಅದರಲ್ಲಿ ಒಂದೇ ಅಕ್ಷರಕ್ಕೆ ಹಲವು ರೂಪ ಇದೆ. ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ನೋಡಿ ರೂಪ ಬದಲಿಸುವ ಜಾಣತನ ಈಗಿನ ಓಪನ್‌ಟೈಪ್ ಫಾಂಟುಗಳಿಗೆ ಇದೆ. ನಮ್ಮ ಒತ್ತಕ್ಷರ ಕಂಪ್ಯೂಟರಿನಲ್ಲಿ ಸರಿಯಾಗಿ ಕೂರುವುದೂ ಅದೇ ಜಾಣತನದಿಂದ. ಅದನ್ನೇ ಇನ್ನೂ ಸ್ವಲ್ಪ ಮುಂದೆ ತೆಗೆದುಕೊಂಡು ಹೋಗಿ, ಮೂರು ವ್ಯಂಜನ ಸೇರಿದಾಗ ಒತ್ತುಗಳು ಒಂದಕ್ಕೊಂದು ದಾರಿ ಬಿಟ್ಟುಕೊಡುವ ಹಾಗೆ ಒಂದು ಅಲಂಕಾರದ ಕನ್ನಡ ಫಾಂಟ್ ಮಾಡಿದರೆ ಎಷ್ಟು ಚೆನ್ನಾಗಿರುತ್ತದೆ. ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಒತ್ತಿನಿಂದ ಶುರು ಮಾಡಿ.

ಉಳಿದ ಕೆಲಸ ಬೇಗ ಆಯಿತು. ಹೆಸರುಗಳು ದೊಡ್ಡದಾಗಿ, 40 ಪಾಯಿಂಟಿನಲ್ಲಿ. ಮೇಲೆ ‘ಶ್ರೀ ಚಾಮುಂಡೇಶ್ವರಿ ಪ್ರಸನ್ನ’ ಸಾದಾ ಅಕ್ಷರದಲ್ಲಿ. ‘ಚಿ॥ ಕುಂ॥ ಸೌ॥’ ಮತ್ತು ‘ಚಿ॥ ರಾ॥’ ಕೂಡ ಸಾದಾ, ಹೆಸರಿನ ಅರ್ಧದಷ್ಟೂ ಇಲ್ಲ. ಮುಹೂರ್ತ, ಛತ್ರದ ವಿಳಾಸ, ಫೋನ್ ನಂಬರ್ ಓದೋ ಅಕ್ಷರ. ಎರಡು ಹೆಸರುಗಳ ನಡುವೆ ಸಾಲಿನ ಅಂತರ ಜಾಸ್ತಿ ಬಿಡಿಸಿದೆವು. ಹುಡುಗಿಯ ಹೆಸರಿನ ಒತ್ತು ಕೆಳಗಿಳಿದು ಹುಡುಗನ ಹೆಸರಿನ ತಲೆಕಟ್ಟಿಗೆ ತಾಗಬಾರದಲ್ಲ. ಇಂಗ್ಲಿಷ್ ಮಗ್ಗುಲಿನಲ್ಲಿ ಹುಡುಗ ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಹಾಕಿದ್ದ. ಬಳುಕಿನ ಫಾಂಟಿನಲ್ಲಿ ಅದು ಮುಳ್ಳುಬೇಲಿಯ ಹಾಗೆ ಕಾಣುತ್ತಿತ್ತು. ಮೊದಲನೆಯದು ಮಾತ್ರ ದೊಡ್ಡದು, ಉಳಿದವು ಚಿಕ್ಕವು ಅಂತ ತಿದ್ದಿಸಿದೆ.

ಅಕ್ಕನಿಗೆ ಚಿನ್ನದ ಫಾಯಿಲ್ ಬೇಕಿತ್ತು. ಪ್ರೂಫ್ ಹೊಡೆಸಿದಾಗ ಸಣ್ಣ ಗೆರೆಗಳು ಕೆಲವು ಕಡೆ ಹರಿದಿದ್ದವು, ಒತ್ತಿನ ಒಳಗಿನ ಸಣ್ಣ ಖಾಲಿ ಜಾಗಗಳು ಫಾಯಿಲ್ ತುಂಬಿ ಮುಚ್ಚಿಹೋಗಿದ್ದವು. ಅಕ್ಕಿಕಾಳಿನಷ್ಟು ಬಿಡು ಅಂತ ಮಾವ ಹೇಳಿದ್ದ ಜಾಗವೇ ಮಾಯ. ಬಿಸಿ ಅಚ್ಚಿನಲ್ಲಿ ಹೀಗಾಗುತ್ತದೆ. ಗಾಢ ಕುಂಕುಮದ ಬಣ್ಣದ ಶಾಯಿಯೇ ಸಾಕು ಅಂತ ಅಕ್ಕನನ್ನು ಒಪ್ಪಿಸಿದೆ. ವಾಟ್ಸಾಪಿಗೆ ಕಳಿಸುವ ಚಿತ್ರಕ್ಕೆ ಹೆಸರಿನ ಗೆರೆಗಳನ್ನು ಒಂದು ಎಳೆ ದಪ್ಪ ಮಾಡಿಸಿದೆವು. ಫೋನಿನಲ್ಲಿ ಸಣ್ಣ ಗೆರೆ ಉಳಿಯುವುದಿಲ್ಲ.

ಕಾರ್ಡು ಬಂದ ದಿನ ಮಾವ ಮತ್ತೆ ಬಂದರು. ಕಟ್ಟು ಬಿಚ್ಚಿ, ಮೊದಲ ಕಾರ್ಡಿನ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ದೇವರ ಮುಂದೆ ಇಟ್ಟೆವು. ಎರಡನೆಯದನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದರು. ‘ತ್ಸ್ನಾ’ದ ಮೇಲೆ ಹೆಬ್ಬೆರಳು ಆಡಿಸಿದರು. ಹಿಂದೆ ತಿರುಗಿಸಿ ಕೆಳಗಿನ ಮೂಲೆ ನೋಡಿದರು. ಅಚ್ಚು ಹಾಕಿದವರ ಹೆಸರು ಮಾತ್ರ ಇತ್ತು. ಏನೂ ಹೇಳಲಿಲ್ಲ.

ಮಂಡ್ಯ ಕಡೆಯ ನೆಂಟರ ಪಟ್ಟಿ ಅವರಲ್ಲೇ ಇತ್ತು. ಕವರುಗಳ ಮೇಲೆ ವಿಳಾಸದ ಸ್ಟಿಕರ್ ಅಂಟಿಸೋಣ ಅಂದಳು ನನ್ನ ಮಗಳು. “ಬ್ಯಾಡ ಕಣವ್ವಾ, ನಾನು ಬರೀತೀನಿ” ಅಂದರು. ಅವರ ಕೈ ಈಗ ನಡುಗುತ್ತದೆ. ನಡುಮನೆಯಲ್ಲಿ ಮಣೆ ಹಾಕಿಕೊಂಡು ಕೂತರು. ಹೆಸರು ದೊಡ್ಡದಾಗಿ, ನೋಡೋ ಅಕ್ಷರದಲ್ಲಿ. ‘ರವರಿಗೆ’ ಅನ್ನುವುದೂ ಊರ ಹೆಸರೂ ಸಣ್ಣದಾಗಿ. ಗೆರೆ ಅಲ್ಲಲ್ಲಿ ನಡುಗಿದರೂ ತಲೆಕಟ್ಟು ಎಲ್ಲದರಲ್ಲೂ ಒಂದೇ ಕಡೆಗೆ ಏಳುತ್ತಿತ್ತು. ಸಂಜೆವರೆಗೆ ನಲವತ್ತು ಕವರು ಬರೆದರು.

ನಮ್ಮ ಮನೆಗೆ ಕಾರ್ಡು ಕೊಡುವ ಅಗತ್ಯವೇ ಇರಲಿಲ್ಲ. ಆದರೂ ಕೊನೆಗೆ ಒಂದು ಖಾಲಿ ಕವರ್ ಅವರ ಮುಂದೆ ಇಟ್ಟು, ನನ್ನ ಹೆಸರನ್ನೂ ಬರೆದುಕೊಡಿ ಮಾವ ಅಂದೆ.